ಮರಿ ಕೂಡಿಸುವ ಸಾತವ್ವ

ಹೊರ್ತಿಯಿಂದ ಲಚ್ಯಾಣದವರೆಗೆ ಕುರಿ ಸಾಕಿದ ಯಾವ ಮನೆಯಲ್ಲಿ ಕೇಳಿದರೂ ಸಾತವ್ವನ ಹೆಸರು ಗೊತ್ತು. ಆಕೆ ಹಾಡಿ ಹೆಸರಾದವಳಲ್ಲ, ಚುನಾವಣೆಗೆ ನಿಂತವಳೂ ಅಲ್ಲ. ಆಕೆಗೆ ಬರುತ್ತಿದ್ದುದು ಒಂದೇ ವಿದ್ಯೆ. ತಾಯಿ ಸತ್ತ ಮರಿಯನ್ನು, ಮರಿ ಸತ್ತ ತಾಯಿಗೆ ಕೂಡಿಸುವುದು.

ಕುರಿ ಎಂದರೆ ಪೆದ್ದು ಪ್ರಾಣಿ ಎನ್ನುವವರು ಒಂದು ದಿನವೂ ಕುರಿ ಕಾಯದವರು. ಈದ ಕುರಿ ತನ್ನ ಮರಿಯನ್ನು ಮೂಸಿ ಗುರುತಿಟ್ಟುಕೊಳ್ಳುತ್ತದೆ. ಬೇರೆ ಮರಿ ಬಂದು ಕೆಚ್ಚಲಿಗೆ ಬಾಯಿ ಹಾಕಿದರೆ ಹಾಯ್ದು ಕೆಡವುತ್ತದೆ. ಹಾಲು ಕೆಚ್ಚಲಲ್ಲೇ ಗಡ್ಡೆಯಾಗಬೇಕು, ತಬ್ಬಲಿ ಮರಿ ಹಸಿದೇ ಸಾಯಬೇಕು. ಅಂಥ ಹೊತ್ತಿಗೆ ಸಾತವ್ವನಿಗೆ ಕರೆ ಹೋಗುತ್ತಿತ್ತು. ಆಕೆ ಬಂದು ಕುರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದು ಸತ್ತ ಮರಿ ಹಾಕಿದಾಗ ಬಿದ್ದ ನೀರನ್ನೂ ಮಾಸನ್ನೂ ಬರಿಗೈಯಲ್ಲಿ ಬಾಚಿಕೊಂಡು, ತಬ್ಬಲಿ ಮರಿಯ ನೆತ್ತಿಯಿಂದ ಬಾಲದವರೆಗೆ ತಿಕ್ಕುತ್ತಿದ್ದಳು. ಕುರಿ ಒಮ್ಮೆ ಮೂಸುತ್ತಿತ್ತು. ಅನುಮಾನ ಹೋಗದೆ ಇನ್ನೊಮ್ಮೆ ಮೂಸುತ್ತಿತ್ತು. ಆಮೇಲೆ ನೆಕ್ಕಲು ಶುರು ಮಾಡುತ್ತಿತ್ತು.

"ಕೂಡಿತು ನೋಡ್ರಿ," ಎಂದು ಸಾತವ್ವ ಕೈಯನ್ನು ಕಂಬಳಿಗೆ ಒರೆಸಿಕೊಂಡು ಏಳುತ್ತಿದ್ದಳು. ಒಂದು ಕಪ್ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಮುಂದಿನ ದಡ್ಡಿಗೆ ನಡೆಯುತ್ತಿದ್ದಳು. ದಡ್ಡಿ ಎಂದರೆ ಮುಳ್ಳುಕಂಟಿಯ ಬೇಲಿ ಹಾಕಿದ ಕುರಿಗಳ ಮನೆ. ಆಕೆ ದುಡ್ಡು ಮುಟ್ಟುತ್ತಿರಲಿಲ್ಲ. "ತಾಯಿ ಮರಿ ಕೂಡಿಸಾಕ ರೊಕ್ಕ ತಗೊಂಡ್ರ ದೇವ್ರು ಮೆಚ್ಚತಾನೇನ?" ಎಂದು ಕೇಳುತ್ತಿದ್ದಳು. ಹಾಗೆಂದು ಹೊಗಳಿಕೆ ಬೇಡವೆಂದೇನಿಲ್ಲ. ಹೊಗಳಿಕೆಯನ್ನು ಎರಡು ಸಲ ಹೇಳಿಸಿಕೊಳ್ಳುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಕುರಿಗಳನ್ನೂ ಮಗ ಸಂಗುವನ್ನೂ ಒಬ್ಬಳೇ ಸಾಕಿದಳು. ಕುರಿಗಳು ಹೇಳಿದ ಮಾತು ಕೇಳಿದವು, ಮಗ ಅಷ್ಟಕ್ಕಷ್ಟೆ. ಅವನಿಗೆ ಹೆಣ್ಣು ನೋಡಲು ನಾಲತವಾಡಕ್ಕೆ ಹೋದವಳೂ ಆಕೆಯೇ. ಅಲ್ಲಿ ರಾಜಶ್ರೀ ಎಂಬ ಹುಡುಗಿ ಚಹಾದ ತಟ್ಟೆ ಇಟ್ಟು ಒಳಗೆ ಹೋಗುವ ಬದಲು ಅಲ್ಲೇ ನಿಂತಳು. "ನಿಮ್ಮನ್ಯಾಗ ಸೊಸಿ ಅಡಗಿ ಮಾಡಬೇಕೋ, ಕುರಿ ಕಾಯಬೇಕೋ? ಎರಡೂ ಅಂದ್ರ ಈಗ ಹೇಳಿಬಿಡ್ರಿ, ನಾ ತಯಾರಾಗಿ ಬರ್ತೇನಿ," ಎಂದಳು. ಹುಡುಗಿಯ ತಾಯಿ ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದಳು. ಸಾತವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತೇ ಮಾತು ಮುಗಿಯಿತು.

ಮದುವೆಯಾದ ಹಂಗಾಮಿನಲ್ಲೇ ಸಾತವ್ವನ ದಡ್ಡಿಯಲ್ಲಿ ಒಂದು ಗಬ್ಬದ ಕುರಿ ದಿನ ತುಂಬುವ ಮೊದಲೇ ಕಂದು ಹಾಕಿತು. ಮರಿ ಸತ್ತೇ ಬಿದ್ದಿತ್ತು. ಹೋಗಲಿ ಎಂದುಕೊಂಡರೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಸುದ್ದಿಗೆ ಕಾಲು ಬಂತು. ಸಾತವ್ವನ ಭಾವ, ಅಂದರೆ ಗಂಡನ ಅಣ್ಣ ಗುರಪ್ಪ, ಆ ಬಳಗಕ್ಕೆ ಹಿರಿಯ. ಕೆಟ್ಟವನಲ್ಲ, ಆದರೆ ತನಗೆ ತಿಳಿಯದ ಸಂಗತಿ ಲೋಕದಲ್ಲಿ ಇರಬಹುದು ಎಂಬ ಸಂಶಯ ಅವನಿಗೆ ಎಂದೂ ಬಂದಿರಲಿಲ್ಲ. ಅವನು ಗಡ್ಡ ಕೆರೆದುಕೊಂಡು, "ಹೊಸ ಸೊಸಿ ಕಾಲ್ಗುಣ ಸರಿ ಇಲ್ಲ," ಎಂದುಬಿಟ್ಟ. ರಾಜಶ್ರೀ ದಡ್ಡಿಯೊಳಗೆ ಕಾಲಿಡಬಾರದು ಎಂದು ಕಟ್ಟು ಹಾಕಿದ.

ಅಂದಿನಿಂದ ರಾಜಶ್ರೀ ಬೇಲಿಯ ಹೊರಗೇ ನಿಂತು ಕುರಿಗಳಿಗೆ ನೀರು ಸುರಿದು ಬರುತ್ತಿದ್ದಳು. ಆದರೂ ಮರಿ ಸಾಯುವುದು ನಿಲ್ಲಲಿಲ್ಲ. ಮುಂದಿನ ಹಂಗಾಮಿನಲ್ಲಿ ಗುರಪ್ಪನ ದಡ್ಡಿಯಲ್ಲೂ ಶುರುವಾಯಿತು. ಅವನ ಸಿಟ್ಟು ನೆತ್ತಿಗೇರಿತು. ಬರುವ ಅಮಾವಾಸ್ಯೆಯ ದಿನ ಅಮೋಗಸಿದ್ಧನ ಗುಡಿಯ ಕಟ್ಟೆಯಲ್ಲಿ ಹಿರಿಯರು ಕೂಡುವುದು, ಹುಡುಗಿಯನ್ನು ನಾಲತವಾಡಕ್ಕೆ ಕಳಿಸಿ ಸಂಬಂಧ ಕಡಿದುಕೊಳ್ಳುವುದು ಎಂದು ಹೇಳಿ ಕಳಿಸಿದ.

"ನೀ ಏನಂತಿಯೋ?" ಎಂದು ಸಾತವ್ವ ಮಗನನ್ನು ಕೇಳಿದಳು.

ಸಂಗು ನೆಲ ನೋಡಿದ. "ದೊಡ್ಡಪ್ಪ ಹೇಳಿದ ಮ್ಯಾಲ ನಾ ಏನ ಅನ್ಲಿ?"

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು ನಿಮ್ಮ ನ್ಯಾಯ," ಎಂದು ಸಾತವ್ವ ಎದ್ದಳು. "ನಾ ಆರಿಸಿ ತಂದ ಸೊಸಿ ಆಕಿ. ಹೆಂಗ ಕಳಸ್ತಾರೋ ನೋಡತೇನಿ."

ಇದು ಬರಿಯ ಹಟದ ಮಾತಲ್ಲ. ಹಿಂದಿನ ಚಳಿಗಾಲ ಸಾತವ್ವನಿಗೆ ಜ್ವರ ಹಿಡಿದಿತ್ತು. ಸಂಜೆಗೆ ಏರುವುದು, ಬೆಳಗಿನ ಜಾವ ಬೆವೆತು ಇಳಿಯುವುದು, ಎಂಟು ದಿನ ಬಿಟ್ಟು ಮತ್ತೆ ಹಾಜರು. ಮೊಳಕಾಲು ನೋವಿನಿಂದ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಮಗ ಒಂದು ಗುಳಿಗೆ ತಂದುಕೊಟ್ಟು ಕುರಿ ಹಿಂದೆ ಹೋದ. ಸೊಸೆ ಕುಸುಬಿ ಎಣ್ಣೆ ಕಾಯಿಸಿ ತಿಕ್ಕುತ್ತ ಕೂತಳು. "ಅತ್ತಿ, ನೀವು ಸತ್ತ್ರ ಇವರ ನಡು ನಾ ಒಬ್ಬಾಕಿನ ಆಗ್ತೇನಿ. ಸುಮ್ಕ ಗುಣಾ ಆಗ್ರಿ," ಎಂದು ಗದರಿಸುತ್ತಿದ್ದಳು. ಸಾತವ್ವನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಿರಲಿಲ್ಲ. ಈ ಹುಡುಗಿಯನ್ನು ಬಿಟ್ಟುಕೊಡುವುದೆಂದರೆ ಆಕೆಗೆ ಕರುಳು ಕಿತ್ತುಕೊಟ್ಟಂತೆಯೇ.

ಆ ವಾರವೇ ಊರಿಗೆ ಒಂದು ಜೀಪು ಬಂತು. ಅದರಲ್ಲಿ ಇದ್ದವಳು ಪ್ರಜ್ಞಾ, ಸಿಂದಗಿಯ ಪರಮಾನಂದ ಮಾಸ್ತರರ ಮಗಳು. ದನದ ಡಾಕ್ಟರಿಕೆ ಓದಿ ಈಗ ಸಂಶೋಧನೆಗೆ ಇಳಿದಿದ್ದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಯಾವ ಹಿಂಡಿನ ಕುರಿಗಳು ಕಂದು ಹಾಕುತ್ತವೆ, ಯಾಕೆ, ಅದು ಒಂದು ಹಿಂಡಿನಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂದು ಹುಡುಕುವುದು ಅವಳ ಕೆಲಸ. ಜೊತೆಗೆ ಇರಮ ಎಂಬ ನರ್ಸ್ ಇದ್ದಳು. ಕುರಿ ಕಾಯುವವರಿಗೂ ಅದೇ ರೋಗ ತಗಲಿದೆಯೇ ಎಂದು ನೋಡುವವಳು ಅವಳು. ಜೀಪು ಕಂಡರೆ ಕುರುಬರು ಕುರಿ ಹೊಡೆದುಕೊಂಡು ಹಳ್ಳ ದಾಟುತ್ತಿದ್ದರು. ರಕ್ತ ತೆಗೆದರೆ ಕುರಿ ಸೊರಗುತ್ತದೆ ಎಂಬ ಹೆದರಿಕೆ.

ಸಾತವ್ವ ಮಾತ್ರ ಜೀಪಿನ ಮುಂದೆ ಅಡ್ಡ ನಿಂತಳು.

"ರಕ್ತ ಬೇಕಂತಲ್ಲ ನಿನಗ? ನನ್ನ ದಡ್ಡಿಗಿ ಬಾ. ಎಲ್ಲಾ ಕುರೀದೂ ತಗಿ. ನನ್ನ ಸೊಸಿ ಕಾಲ್ಗುಣದಿಂದ ಮರಿ ಸಾಯಾಕತ್ತಿಲ್ಲ ಅಂತ ನಾಕ ಮಂದಿ ಮುಂದ ಹೇಳು. ಅಷ್ಟ ಸಾಕು."

ಪ್ರಜ್ಞಾ ಬ್ಯಾಗು ಹೆಗಲಿಗೇರಿಸಿದಳು. "ರಕ್ತ ಏನ ಹೇಳ್ತೈತೋ ಅದನ್ನ ಹೇಳ್ತೇನಿ ಯವ್ವಾ. ನಿಮಗ ಬೇಕಾದ್ದು ಹೇಳಾಕ ಆಗಂಗಿಲ್ಲ ನೋಡ್ರಿ."

"ಹೇಳು. ಅಂಜಾಕಿ ಅಲ್ಲ ನಾ."

ಕುರಿಯ ಕೊರಳಿನಿಂದ ರಕ್ತ ತೆಗೆದು, ಸೀಸೆಗಳನ್ನು ನೆರಳಲ್ಲಿ ನಿಲ್ಲಿಸಿ, ಮೇಲೆ ತಿಳಿ ಬಿಡುವವರೆಗೆ ಕಾದರು. ಆಮೇಲೆ ಪ್ರಜ್ಞಾ ಬಿಳಿಯ ಹಂಚಿನ ಮೇಲೆ ಆ ತಿಳಿಯ ಒಂದು ಹನಿ, ಅದರ ಪಕ್ಕ ಗುಲಾಬಿ ಬಣ್ಣದ ಔಷಧದ ಒಂದು ಹನಿ ಇಟ್ಟು, ಎರಡನ್ನೂ ಕಡ್ಡಿಯಿಂದ ಕಲಸಿ ಹಂಚನ್ನು ಮೆಲ್ಲಗೆ ಆಡಿಸಿದಳು. ರೋಗವಿಲ್ಲದ ಕುರಿಯ ಹನಿ ಗುಲಾಬಿಯಾಗಿಯೇ ಉಳಿಯಿತು. ಕಂದು ಹಾಕಿದ ಕುರಿಯ ಹನಿ ಕೆಟ್ಟ ಹಾಲಿನಂತೆ ಒಡೆದು ಕಾಳುಕಾಳಾಯಿತು. ಅಂಥ ಹನಿಗಳೇ ಹೆಚ್ಚು.

"ಇದಕ್ಕ ಬ್ರುಸೆಲ್ಲಾ ಅಂತಾರ್ರಿ. ಕಂದು ರೋಗ. ಕಣ್ಣಿಗಿ ಕಾಣದ ಹುಳದ ಕೆಲಸ ಇದು. ಯಾರ ಕಾಲ್ಗುಣಾನೂ ಅಲ್ಲ," ಎಂದಳು ಪ್ರಜ್ಞಾ.

ಸಾತವ್ವ ಆ ಮಾತನ್ನು ಬಿಸಿಯಾಗಿಯೇ ಗುರಪ್ಪನ ಮನೆಗೆ ಒಯ್ದಳು. ಗುರಪ್ಪ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. "ರೋಗ ಅಂದ್ರ ರೋಗನ ಆಗ್ಲಿ. ಅದನ್ನ ತಂದಾವ್ರು ಯಾರು? ಆಕಿ ಬರೂಕಿಂತ ಮುಂಚೆ ಇತ್ತೇನ? ಆಕಿ ಬಂದ್ಲು, ರೋಗ ಬಂತು. ಹೆಸರು ಬದಲಾದ್ರ ಹಣೆಬರಾ ಬದಲಾಕ್ಕೈತೇನ?" ಎಂದ. ಸಾತವ್ವ ತಿರುಗಿ ಬಂದು ಪ್ರಜ್ಞಾಳ ಕೈ ಹಿಡಿದಳು.

"ಇದು ಎಲ್ಲಿಂದ ಬಂತು ಅಂತ ಹುಡಕು ತಂಗಿ. ಅಮಾಸಿ ಒಳಗ ಹುಡಕು. ಇಲ್ಲಾಂದ್ರ ನನ್ನ ಮಗಳ್ನ ಕಳಿಸಿಬಿಡ್ತಾರ."

ಸೊಸೆ ಎನ್ನುವ ಬದಲು ಮಗಳು ಎಂದದ್ದು ಆಕೆಗೂ ಗೊತ್ತಾಗಲಿಲ್ಲ.

ಪ್ರಜ್ಞಾ ಹಿಂಡಿನಿಂದ ಹಿಂಡಿಗೆ ತಿರುಗಿದಳು. ಸಾತವ್ವನೇ ಶಿಫಾರಸು ಮಾಡಿದ್ದರಿಂದ ಈ ಸಲ ಯಾರೂ ಹಳ್ಳ ದಾಟಲಿಲ್ಲ. ಸಂತೆಯಿಂದ ಹೊಸ ಕುರಿ ತಂದಿದ್ದೀರಾ, ಬೀಜದ ಟಗರನ್ನು ಯಾರಿಂದ ಎರವಲು ತಂದಿರಿ, ಸತ್ತ ಮರಿಯನ್ನು ನಾಯಿಗೆ ಎಸೆದಿರೋ ಹೂತಿರೋ, ದಡ್ಡಿಗೆ ಯಾರು ಬಂದು ಹೋದರು ಎಂದೆಲ್ಲ ಕೇಳಿದಳು. ಲಚ್ಯಾಣದ ಕಡೆಯ ಹಿಂಡಿಗೂ ಸಿಂದಗಿ ರಸ್ತೆಯ ಹಿಂಡಿಗೂ ಟಗರು ಬೇರೆ, ಮೇವು ಬೇರೆ, ಸಂತೆಯೂ ಬೇರೆ. ರೋಗ ಮಾತ್ರ ಒಂದೇ. ಇನ್ನೂ ಒಂದು ಉತ್ತರ ಎಲ್ಲ ಕಡೆಯೂ ಒಂದೇ ಆಗಿತ್ತು. ಮರಿ ಸತ್ತಾಗ ಅವರೆಲ್ಲ ಸಾತವ್ವನನ್ನು ಕರೆಸಿದ್ದರು.

ಅಮಾವಾಸ್ಯೆಗೆ ಎರಡು ದಿನ ಉಳಿದಾಗ ಪ್ರಜ್ಞಾ ಸಾತವ್ವನ ಮನೆಗೆ ಬಂದಳು. ಕೊಟ್ಟ ಚಹಾ ಆರಿದರೂ ಕುಡಿಯಲಿಲ್ಲ.

"ಯವ್ವಾ, ಸಂಗು ಅಣ್ಣನ ಲಗ್ನಕ್ಕಿಂತ ಮೊದಲ ನೀವು ಸಿಂದಗಿ ಕಡಿ ಮರಿ ಕೂಡಿಸಾಕ ಹೋಗಿದ್ರೇನ್ರಿ?"

"ಹೋಗಿದ್ನೆಲ್ಲ. ಕರಿ ಕುರಿ, ಭಾಳ ಹಟಮಾರಿ ಇತ್ತು. ಕೂಡಿಸಿ ಬಂದು, ಮರುದಿನನ ಲಗ್ನಕ್ಕಂತ ಮನಿಗಿ ಸುಣ್ಣ ಹಚ್ಚಿದ್ದು. ಯಾಕ?"

"ಆ ಹಿಂಡಿನ್ಯಾಗ ಆಗಲೇ ಈ ರೋಗ ಇತ್ರಿ. ಹುಳ ಇರೂದು ಸತ್ತ ಮರಿ ಜೋಡಿ ಬೀಳೂ ನೀರಿನ್ಯಾಗ, ಮಾಸಿನ್ಯಾಗ. ನೀವು ಅದನ್ನ ಕೈಲೆ ಬಾಚಿ..." ಪ್ರಜ್ಞಾ ಸಾತವ್ವನ ಕೈ ನೋಡಿದಳು.

ಸಾತವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ನನ್ನ ಕೈ ಮ್ಯಾಲ ಬಂದ್ಯಾ? ಈ ಕೈಲೆ ಎಷ್ಟು ಮರಿ ಬದುಕ್ಯಾವು ಅಂತ ಗೊತ್ತೈತೇನ ನಿನಗ? ಸೊಸೀನ ಉಳಸು ಅಂದ್ರ ಅತ್ತೀನ ಕಳ್ಳಿ ಮಾಡ್ತೀ? ಏಳು, ನಡಿ ಹೊರಗ!"

ಪ್ರಜ್ಞಾ ಎದ್ದಳು. ಬಾಗಿಲಲ್ಲಿ ನಿಂತು, "ನನ್ನ ತಪ್ಪ ಇದ್ರೂ ಇರಬಹುದು. ಇರಮಕ್ಕನ ಕಡಿ ನಿಮ್ಮ ರಕ್ತ ಕೊಡ್ರಿ, ಗೊತ್ತಾಕ್ಕೈತಿ. ಆ ಜ್ವರ, ಮೊಳಕಾಲ ನೋವು, ಅದಕ್ಕೂ ಔಷಧ ಐತ್ರಿ," ಎಂದು ಹೋದಳು.

ಸಾತವ್ವ ಒಲೆಯ ಮುಂದೆ ಕೂತಳು. ಬಾಯಿ ಇನ್ನೂ ಬೈಯುತ್ತಿತ್ತು, ಮನಸ್ಸು ಆಗಲೇ ಹಿಂದಕ್ಕೆ ನಡೆದಿತ್ತು. ಸಿಂದಗಿ ರಸ್ತೆಯಿಂದ ಬಂದವಳು ನೇರ ತನ್ನ ದಡ್ಡಿಗೇ ಹೋಗಿದ್ದಳು. ಅದೇ ಕಂಬಳಿ, ಅದೇ ಕೈ. ಗುರಪ್ಪನ ದಡ್ಡಿಯಲ್ಲಿ ಮೊದಲ ಕುರಿ ಕಂದು ಹಾಕುವ ಮುಂಚೆ ಅಲ್ಲಿಯೂ ಒಂದು ತಬ್ಬಲಿಯನ್ನು ಕೂಡಿಸಿದ್ದಳು. ತನ್ನ ದಡ್ಡಿಯಲ್ಲಿ ಸತ್ತ ಮರಿಯ ನೀರಿನ ಮೇಲೆ ಕೈಯಾಡಿಸಿದ ದಿನವೇ ಅಲ್ಲಿಗೆ ಹೋಗಿದ್ದಳು. ಒಂದು ಮರಿ ಬದುಕಿತೆಂದು ಎಲ್ಲರೂ ಹೊಗಳಿದರು. ಆಮೇಲೆ ಸತ್ತ ಮರಿಗಳನ್ನು ಆಕೆಯ ಕೈಗೆ ಯಾರು ಗಂಟು ಹಾಕುತ್ತಾರೆ? ಆಕೆಗೂ ಹೊಳೆದಿರಲಿಲ್ಲ. ಹೊಳೆದ ಈ ಗಳಿಗೆಯಲ್ಲಿ ಆಕೆಗೆ ತನ್ನ ಕೈ ನೋಡಿಕೊಳ್ಳಲೂ ಭಯವಾಯಿತು.

ಸುಮ್ಮನಿದ್ದರೆ ಆಗುತ್ತಿತ್ತು. ಪ್ರಜ್ಞಾಳನ್ನು ಹೊರಗಟ್ಟಿದ್ದಾಗಿದೆ, ಆಕೆ ಸಿಂದಗಿಗೆ ಹೋಗುತ್ತಾಳೆ. ಹೆಸರು ಉಳಿಯುತ್ತದೆ, ಸೊಸೆ ಹೋಗುತ್ತಾಳೆ. ಹಾಗೇ ಆಗಲಿ ಎಂದು ಒಂದು ಕ್ಷಣ ಅನ್ನಿಸಿದ್ದಕ್ಕೇ ಸಾತವ್ವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಎದ್ದು ಹಿತ್ತಲಿಗೆ ಹೋದಳು. ರಾಜಶ್ರೀ ಒಣಗಿದ ಸೀರೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಅವರು ಕಳಿಸುವ ಮೊದಲು ತಾನೇ ಹೋಗುತ್ತೇನೆ ಎಂದು ಅವಳೂ ಹಟ ಹಿಡಿದಿದ್ದಳು.

ಸಾತವ್ವ ಎಲ್ಲವನ್ನೂ ಹೇಳಿದಳು. ರಾಜಶ್ರೀ ಸೀರೆ ಮಡಿಸುವುದನ್ನು ನಿಲ್ಲಿಸಿದಳು.

"ಅತ್ತಿ, ಇದನ್ನ ಊರ ಮುಂದ ಹೇಳಿದ್ರ ನಾಳಿಂದ ನಿಮ್ಮನ್ನ ಯಾರೂ ದಡ್ಡಿಗಿ ಕರ್ಯಾಂಗಿಲ್ಲ."

"ಕರೀಬ್ಯಾಡಂತ."

"ಬೈತಾರ."

"ಬೈಲಿ. ನಿನ್ನ ಬೈದ್ರು, ನೀ ತಡಕೊಂಡಿ. ನನ್ನ ಎಲಬು ನಿನಕಿಂತ ಗಟ್ಟಿ ಅದಾವು. ಚೀಲ ಒಳಗ ಇಡು."

ಅಮಾವಾಸ್ಯೆಯ ಬೆಳಿಗ್ಗೆ ಸಾತವ್ವ ಹೇಳಿಕಳಿಸಿದ್ದಕ್ಕೆ ಪ್ರಜ್ಞಾ, ಇರಮ ಇಬ್ಬರೂ ಬಂದರು. ಇರಮ ಅತ್ತೆ ಸೊಸೆ ಇಬ್ಬರ ರಕ್ತವನ್ನೂ ತೆಗೆದುಕೊಂಡಳು. ರಾಜಶ್ರೀ ತಾನಾಗಿಯೇ ತೋಳು ಚಾಚಿದ್ದಳು. ಗುಡಿಯ ಕಟ್ಟೆಗೆ ಹಂಚು ತರಬೇಕು ಎಂದು ಸಾತವ್ವ ಹೇಳಿದಾಗ ಇರಮ ಒಪ್ಪಲಿಲ್ಲ.

"ಮನಷ್ಯಾರ ರಿಪೋರ್ಟ್ ಮಂದಿ ಮುಂದ ಹೇಳಾಕ ಬರಂಗಿಲ್ಲ ಅಮ್ಮಾರ. ಮತ್ತ ಇದು ಮೊದಲ ಪರೀಕ್ಷಾ ಅಷ್ಟ. ಖಾತ್ರಿಗೆ ದೊಡ್ಡ ಲ್ಯಾಬಿಗಿ ಕಳಿಸಬೇಕು."

"ಕಳಸು. ನೀ ಏನೂ ಹೇಳಬ್ಯಾಡ. ತೋರಿಸು ಸಾಕು, ಹೇಳಾಕಿ ನಾನು. ಹೌದಿಲ್ಲ ರಾಜಿ?"

"ಹೌದ್ರಿ, ನಂದೂ ತೋರಿಸ್ರಿ," ಎಂದಳು ರಾಜಶ್ರೀ.

ದೇವರಿಗೆ ಕಾಯಿ ಒಡೆದಾದ ಮೇಲೆ ಹಿರಿಯರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತರು. ಸುತ್ತ ಹಿಂಡುಗಳ ಯಜಮಾನರೆಲ್ಲ ಇದ್ದರು. ಗುರಪ್ಪ ಗಂಟಲು ಸರಿಮಾಡಿಕೊಳ್ಳುವ ಮೊದಲೇ ಸಾತವ್ವ ಕಟ್ಟೆ ಹತ್ತಿ ಹಂಚನ್ನು ನಡುವೆ ಇಡಿಸಿದಳು. ಹೆಂಗಸರು ಆ ಕಟ್ಟೆ ಹತ್ತುವ ರೂಢಿ ಇರಲಿಲ್ಲ. ಇಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

"ಇದು ನನ್ನ ಸೊಸಿ ರಕ್ತ. ನೋಡ್ರಿ."

ಹಂಚು ಆಡಿತು. ಹನಿ ಗುಲಾಬಿಯಾಗಿಯೇ ಇತ್ತು.

"ಇದು ನಂದು."

ಹನಿ ಒಡೆಯಿತು. ಮುಂದೆ ಬಗ್ಗಿ ನೋಡುತ್ತಿದ್ದವರು ಹಿಂದೆ ಸರಿದರು. ಪ್ರಜ್ಞಾ ಬಾಯಿ ತೆರೆದಳು. ಸಾತವ್ವ ಕೈ ಎತ್ತಿ ತಡೆದಳು.

"ಕೇಳ್ರಿ ಎಲ್ಲಾರೂ. ಭಾವಾರ, ನೀವೂ ಕೇಳ್ರಿ. ರೋಗ ತಂದಾವ್ರು ಯಾರು ಅಂದ್ರಿ. ನಾ ತಂದೇನಿ. ಸಿಂದಗಿ ರಸ್ತಾದ ಹಿಂಡಿನ್ಯಾಗ ಸತ್ತ ಮರಿ ನೀರು ಈ ಕೈಲೆ ಬಾಚಿದೆ, ಅದ ಕೈಲೆ ನನ್ನ ದಡ್ಡಿ ಹೊಕ್ಕೆ. ಅಲ್ಲಿಂದ ನಿಮ್ಮ ದಡ್ಡಿಗಿ ಬಂದೆ. ಇಲ್ಲಿ ಕುಂತಾವರ ಪೈಕಿ ಯಾರ್ಯಾರು ನನ್ನ ಕರಸಿದ್ರಿ, ನೆನಪ ಮಾಡಕೊಳ್ರಿ. ನಿಮ್ಮಲ್ಲಿ ಮರಿ ಸಾಯಾಕ ಹತ್ತಿದ್ದು ಅದರ ಹಿಂದ. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದ್ರ ಸತ್ತ ಮರಿ ಎದ್ದ ಬರಂಗಿಲ್ಲ, ಅದೂ ಖರೆ. ಈ ಹುಡಿಗಿ ನಿಮ್ಮ ಕಟ್ಟ ಕೇಳಿ ದಡ್ಡಿಯೊಳಗ ಕಾಲ ಇಡಲಿಲ್ಲ. ಅದಕ್ಕ ಆಕಿ ರಕ್ತ ಚೊಕ್ಕ ಐತಿ. ಆಕಿ ಹೊರಗಿದ್ರೂ ಮರಿ ಸತ್ತವು, ಯಾಕಂದ್ರ ಒಳಗ ನಾ ಇದ್ದೆ."

ಒಬ್ಬ ತಡೆಯಲಾರದೆ, "ನನ್ನ ಅರ್ಧ ಹಿಂಡು ಹೋತು! ನಿನ್ನ ದೇವ್ರಂತ ಕರದ್ವಲ್ಲಬೇ!" ಎಂದು ಕೂಗಿದ. ಸಾತವ್ವ ಅವನ ಕಡೆ ತಿರುಗಿ ನಿಂತಳು. ಅವನು ಬೈಯುವುದೆಲ್ಲ ಬೈದು ಮುಗಿಸುವವರೆಗೆ ಕೇಳಿಸಿಕೊಂಡಳು. ಇಷ್ಟು ವರ್ಷ ಹೊಗಳಿಕೆ ತೆಗೆದುಕೊಂಡ ಕಿವಿಗಳಿಗೆ ಅದು ಸುಲಭವಾಗಿರಲಿಲ್ಲ. ಕಣ್ಣು ತುಂಬಿತು, ಆದರೆ ಕಟ್ಟೆ ಇಳಿಯಲಿಲ್ಲ.

"ಬೈದಾತಲ್ಲ? ಇನ್ನ ಮುಂದಿಂದು ಈ ಡಾಕ್ಟರ್ ಹೇಳ್ತಾಳ, ಕೇಳ್ರಿ. ಒಂದ ಮಾತು ನಾ ಹೇಳ್ತೇನಿ. ಕಂದು ಹಾಕಿದ ಕುರೀನ ಸಂತಿಗಿ ಒಯ್ದು ಇನ್ನೊಬ್ಬರ ಹಿಂಡಿಗಿ ಮಾರಿದ್ರ, ನಾ ಗೊತ್ತಿಲ್ಲದ ಮಾಡಿದ್ದನ್ನ ನೀವು ಗೊತ್ತಿದ್ದ ಮಾಡಿದಂಗ."

ಪ್ರಜ್ಞಾ ಹೇಳಿದಳು. ಸತ್ತ ಮರಿಯನ್ನೂ ಮಾಸನ್ನೂ ಸುಣ್ಣ ಹಾಕಿ ಆಳಕ್ಕೆ ಹೂಳುವುದು, ಕೈಗೆ ಗವಸು ತೊಡದೆ ಮುಟ್ಟದಿರುವುದು, ರೋಗದ ಕುರಿಗಳನ್ನು ಬೇರೆ ಕಟ್ಟುವುದು. ಇರಮ, ಜ್ವರ ಬರುವವರು ಯಾರಿದ್ದರೂ ಇಂಡಿಯ ಆಸ್ಪತ್ರೆಗೆ ಬರಬೇಕು, ಗುಳಿಗೆಯನ್ನು ನಡುವೆ ಬಿಡಬಾರದು ಎಂದಳು. ಗುಂಪಿನಲ್ಲಿ ಇಬ್ಬರು ಮೂವರು ತಮ್ಮ ಮೊಳಕಾಲು ಮುಟ್ಟಿಕೊಂಡರು.

ಎಲ್ಲರೂ ಗುರಪ್ಪನ ಮುಖ ನೋಡಿದರು. ಅವನು ಗಡ್ಡ ಕೆರೆದ. ತಪ್ಪಾಯಿತು ಎಂದು ಅವನ ಬಾಯಿಂದ ಬರಲಿಲ್ಲ, ಅಂಥ ಮಾತು ಆ ಬಾಯಿಗೆ ಅಭ್ಯಾಸವಿರಲಿಲ್ಲ. "ಹುಡಿಗಿ ಇಲ್ಲೇ ಇರ್ಲಿ," ಎಂದು ಕಂಬಳಿ ಕೊಡವಿ ಎದ್ದ. ಸಾತವ್ವನಿಗೆ ಅಷ್ಟೇ ಬೇಕಾಗಿತ್ತು.

ಅತ್ತೆ ಸೊಸೆ ಮನೆಗೆ ಬಂದರು. ದಡ್ಡಿಯಲ್ಲಿ ಒಂದು ಕುರಿ ಈಯಲು ಒದ್ದಾಡುತ್ತಿತ್ತು. ಆಚೆ ಮೂಲೆಯಲ್ಲಿ ತಬ್ಬಲಿ ಮರಿಯೊಂದು ಕಿರಿಚುತ್ತಿತ್ತು. ಸಾತವ್ವನ ಹೆಜ್ಜೆಗಳು ತಾವಾಗಿಯೇ ಬೇಗ ಬಿದ್ದವು. ಸೊಸೆ ಮುಂದೆ ಹಾದು, ದಡ್ಡಿಯ ಬಾಯಿಗೆ ಬಂದವಳೇ ರೂಢಿಯಂತೆ ನಿಂತುಬಿಟ್ಟಳು. ಸಾತವ್ವ ಮುಳ್ಳುಕಂಟಿಯನ್ನು ತಾನೇ ಎಳೆದು ಬದಿಗಿಟ್ಟಳು.

"ಕಾಲಿಡು."

ರಾಜಶ್ರೀ ಪ್ರಜ್ಞಾ ಕೊಟ್ಟ ಕೈಗವಸುಗಳನ್ನು ಮೊಳಕೈವರೆಗೆ ಏರಿಸಿಕೊಂಡು ಒಳಗೆ ಕಾಲಿಟ್ಟಳು. ಹಿಂದೆಯೇ ಸಾತವ್ವ ಹೊರಟಳು. ರಾಜಶ್ರೀ ತಿರುಗಿ ನೋಡಿದಳು.

"ಅತ್ತಿ, ನೀವು ಅಲ್ಲೇ ನಿಂದ್ರಿ. ಏನ ಮಾಡಬೇಕು ಅಲ್ಲಿಂದನ ಹೇಳ್ರಿ."

ಸಾತವ್ವನಿಗೆ ಹಾಗೆ ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಒಳಗೆ ಮರಿ ಇನ್ನೊಮ್ಮೆ ಕಿರಿಚಿತು.

"ಹೂಂ," ಎಂದಳು ಸಾತವ್ವ. ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಬೇಲಿಯ ಹೊರಗೆ ನಿಂತಳು.